ಯಾರೂ ಮೀಟದ ತಂತಿ

ಶುಭ ಶುಕ್ರವಾರ ಮಧ್ಯಾಹ್ನ ಇಡೀ ಚರ್ಚು ಮೊಣಕಾಲೂರಿ ಮೌನವಾಗಿದ್ದಾಗ ಎಲ್ಲಿಂದಲೋ ‘ಗುಂಯ್’ ಎಂದು ಸಣ್ಣ ದನಿ ಎದ್ದಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

ಅವರ ತಪ್ಪಲ್ಲ. ಊರಲ್ಲಿ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೂ, ಕನಕಪುರದ ಬಸ್ಸು ಬರುವ ಮೊದಲೇ ಅದರ ಹಾರನ್ ಕೇಳಿಸಿದರೂ ಜನ ಹುಡುಕುವುದು ನನ್ನನ್ನು. ಫಾದರ್ ಮೂಗಿನಿಂದ ಹೇಳುವ ‘ಪ್ರಿಯ ಸಹೋದರ ಸಹೋದರಿಯರೇ’ಯನ್ನು ನಾನು ಅವರಿಗಿಂತ ಚೆನ್ನಾಗಿ ಹೇಳುತ್ತೇನೆ ಎಂದು ಫಾದರೇ ಒಪ್ಪಿಕೊಂಡಿದ್ದಾರೆ. ಬಿ.ಎ.ಯಲ್ಲಿ ನಾನು ನಿಜವಾಗಿ ಪಾಸಾದ ವಿಷಯ ಈ ಮಿಮಿಕ್ರಿಯೊಂದೇ.

ನನ್ನ ಮುಂದಿನ ಸಾಲಿನಿಂದ ಮಮತಾ ಮಿಸ್ ಹಲ್ಲು ಕಚ್ಚಿ ಪಿಸುಗುಟ್ಟಿದರು. ಶಾಲೆಯಲ್ಲಿ ನನಗೆ ಪಾಠ ಹೇಳಿದವರು. ಈಗ ನಮ್ಮ ಹಾಡುವ ತಂಡಕ್ಕೆ ಹಿರಿಯರು.

“ಅಂತೋಣಿ, ಇವತ್ತೊಂದಿನ ಆದ್ರೂ ಬಾಯ್ ಮುಚ್ಕೊಂಡಿರೋ.”

ನನ್ನ ಬಾಯಿ ಮುಚ್ಚಿಯೇ ಇತ್ತು.

ಆ ದನಿ ಹೊಸದಲ್ಲ. ಕೆಲವು ವಾರಗಳಿಂದ ನಾನು ಬೇಸ್ ಗಿಟಾರ್ ಹಿಡಿದು ಚರ್ಚಿನ ಹಿಂಬದಿಯಲ್ಲಿ ಕೂತಾಗಲೆಲ್ಲ ಕೇಳಿಸುತ್ತಿತ್ತು. ಆಂಪ್ಲಿಫೈಯರಿನ ವೈರು ಕೆಟ್ಟಿದೆ ಎಂದು ಎಲ್ಲರೂ ನಂಬಿದ್ದರು. ನಾನಂತೂ ಅದನ್ನು ಮೂಗಿನಲ್ಲಿ ನುಡಿಸಿ ತಂಡವನ್ನು ನಗಿಸುತ್ತಿದ್ದೆ. ಆದರೆ ಪವಿತ್ರ ಗುರುವಾರದ ಪೂಜೆ ಮುಗಿದರೆ ಶನಿವಾರದ ಈಸ್ಟರ್ ಜಾಗರಣೆಯ ಮಹಿಮಾಗೀತೆಯವರೆಗೆ ನಮ್ಮಲ್ಲಿ ಗಂಟೆಯಿಲ್ಲ, ವಾದ್ಯವಿಲ್ಲ. ಗಂಟೆಗೆ ಬದಲು ಮರದ ಗಿಲಕಿ ತಿರುಗಿಸುತ್ತಾರೆ. ಆಂಪ್ಲಿಫೈಯರನ್ನು ನಾನೇ ಮನೆಗೆ ಹೊತ್ತು ಹಾಕಿದ್ದೆ. ಅದು ಮಂಚದ ಕೆಳಗೆ ಮಲಗಿತ್ತು. ದನಿ ಇಲ್ಲೇ ಇತ್ತು.

ನನಗೆ ಬೇಸ್ ಕಲಿಸಿದವರು ಚನ್ನಪಟ್ಟಣದ ಅತೀಕ್ ಭಾಯ್. ಬೊಂಬೆಗಳಿಗೆ ಅರಗು ಹಚ್ಚುವ ಕೆಲಸ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾ. ಬಸ್ಸು ಹತ್ತಿ ಬೇಸು ಕಲಿಯಲು ಹೋದವನಿಗೆ ಮೊದಮೊದಲು ದಕ್ಕಿದ್ದು ಬೇಸರ ಮಾತ್ರ. ನಾಲ್ಕೇ ತಂತಿ, ಅದರಲ್ಲೂ ಒಂದೇ ಸ್ವರ, ಬೆರಳ ತುದಿಯಲ್ಲಿ ಬೊಬ್ಬೆ.

“ಇದನ್ನ ಯಾರೂ ಕೇಳಿಸ್ಕೊಳಲ್ಲ ಮಿಯಾ,” ಎನ್ನುತ್ತಿದ್ದರು. “ನೀನು ನಿಲ್ಲಿಸ್ದಾಗ ಗೊತ್ತಾಗ್ಬೇಕು, ಏನೋ ಹೋಯ್ತು ಅಂತ.”

ಕರೆಂಟು ಹೋದಾಗ ಅವರು ಗಿಟಾರಿನ ತಲೆಯನ್ನು ಅಂಗಡಿಯ ಮರದ ಬಾಗಿಲಿಗೆ ಒತ್ತಿ ನುಡಿಸುತ್ತಿದ್ದರು. ಬಾಗಿಲೇ ಸ್ಪೀಕರಾಗಿ ಗುಡುಗುತ್ತಿತ್ತು.

ಶುಕ್ರವಾರ ಜನ ಚದುರಿದ ಮೇಲೆ ಮನೆಯಿಂದ ಗಿಟಾರು ತಂದು ಆ ಪಾಠವನ್ನು ತಿರುಗಿಸಿ ಹಾಕಿದೆ. ಚರ್ಚಿನ ಹಿಂಬದಿಯಲ್ಲಿ ಗಂಟೆಗೋಪುರದ ಬೀಗ ಹಾಕಿದ ಬಾಗಿಲಿದೆ. ಒಳಗಿನ ಮೆಟ್ಟಿಲು ಕುಸಿದು ಎಷ್ಟೋ ಕಾಲವಾಯಿತು, ಯಾರೂ ಹತ್ತುವುದಿಲ್ಲ. ಗಿಟಾರಿನ ತಲೆಯನ್ನು ಆ ಬಾಗಿಲಿಗೆ ಒತ್ತಿ ತಂತಿಗಳಿಂದ ಕೈ ತೆಗೆದೆ.

ಒಂದು ತಂತಿ ತಾನಾಗಿ ನಡುಗತೊಡಗಿತು.

ಓಡಿಹೋಗಿ ತಾತನನ್ನು ಕರೆತಂದೆ. ನನ್ನ ತಾತ ಇನ್ನಾಸಪ್ಪ ಈ ಚರ್ಚಿನ ದೊಡ್ಡ ಗಂಟೆ ಎಳೆಯುವವನು. ದಿನದ ಗಂಟೆ ಈಗ ಲೌಡ್‌ಸ್ಪೀಕರಿನಲ್ಲಿ ತಾನೇ ಹೊಡೆದುಕೊಳ್ಳುತ್ತದೆ; ದೊಡ್ಡ ಗಂಟೆ ಕ್ರಿಸ್ಮಸ್ಸಿಗೆ ಮತ್ತು ಪಾಸ್ಕದ, ಅಂದರೆ ಈಸ್ಟರಿನ, ಮಹಿಮಾಗೀತೆಗೆ ಮಾತ್ರ. ಅದರ ಮೊದಲ ಸದ್ದಿಗೇ ಹೊರಗೆ ಪಟಾಕಿ ಹಚ್ಚಬೇಕು. ಗೋಪುರದ ಪಕ್ಕದ ಚಾವಣಿಯಲ್ಲಿ ಬುಟ್ಟಿ ತೂರುವಷ್ಟು ದೊಡ್ಡ ತೂತು, ಅದರಿಂದ ಚರ್ಚಿನೊಳಕ್ಕೆ ಇಳಿಬಿದ್ದ ಹಗ್ಗ, ಹಗ್ಗದ ಕೆಳಗೆ ತಾತ. ಆ ಗಂಟೆಯೇ ಅವನ ಕಿವಿ ತಿಂದಿತ್ತು. ಈಗ ತುಟಿ ನೋಡಿ ಮಾತು ತಿಳಿಯುತ್ತಾನೆ. ನನ್ನ ಮಿಮಿಕ್ರಿಗೆ ಎಂದೂ ಮೋಸಹೋಗದವನು ಅವನೊಬ್ಬನೇ.

ಗಿಟಾರಿಗೆ ದವಡೆ ಒತ್ತಿ ಕಣ್ಣು ಮುಚ್ಚಿದ. ಕಣ್ಣು ತೆರೆದು ಚಾವಣಿಯತ್ತ ನೋಡಿದ.

“ಹೆಜ್ಜೇನು ಕಣ್ಲಾ,” ಎಂದ. “ಒಂದ್ ಗೂಡಲ್ಲ. ಮ್ಯಾಲೆಲ್ಲ ತುಂಬ್ಕೊಂಡವೆ.”

“ನಾಳೆ ನೀನು ಹಗ್ಗ ಎಳ್ದಿದ್ರೆ?”

“ಮದ್ಲು ನನ್ ತಲೆ ಮ್ಯಾಲೆ ಸುರ್ಕೊಂಡಿರವು. ಆಮ್ಯಾಕೆ ಎಲ್ಲಾರ್ ಮ್ಯಾಲೂ.” ಪ್ರಾಯದಲ್ಲಿ ಬಂಡೆಗಳಿಗೆ ಹಗ್ಗ ಕಟ್ಟಿ ಜೇನಿಳಿಸಿದವನು ಅವನು. “ಕತ್ಲಲ್ಲಂತೂ ಕೆಣಕ್ಬಾರ್ದು. ಎಲ್ಲಿ ಬೆಳಕೈತೋ ಅಲ್ಲಿಗೇ ನುಗ್ತವೆ.” ನನ್ನ ಮುಖ ನೋಡಿ ಒಸಿ ನಕ್ಕ. “ನಿನ್ ಬೇಸರದ ಗಿಟಾರು ಒಂದ್ ಕೆಲಸ್ಕೆ ಬಂತು ಬುಡು.”

ಫಾದರ್ ಮೊದಲು ನನ್ನನ್ನು ಗದರಿದರು. ತಾತ ಹೇಳಿದ ಮೇಲೆ ಒಪ್ಪಿದರು. ಬಯಲಲ್ಲಿ ಪೂಜೆ ಮಾಡೋಣವೆಂದರೆ ಆನೆ ಕಾಟ. ಅದಕ್ಕೆಂದೇ ಜಾಗರಣೆಯ ಪೂಜೆಯನ್ನು ನಡುರಾತ್ರಿಯಿಂದ ಸಂಜೆ ಏಳಕ್ಕೆ ತಂದಿದ್ದರು. ಗಂಟೆ ಬೇಡ, ಬೇಸ್ ಬೇಡ, ಹಾಡು ಮಾತ್ರ ಸಾಕು, ಸೋಮವಾರ ಜೇನು ಬಿಡಿಸುವವರನ್ನು ಕರೆಸೋಣ ಎಂದಾಯಿತು. ಚರ್ಚಿಗೆ ಬರುವವರಿಗೆಲ್ಲ ಹೇಳಿದೆವು.

“ಅಭ್ಯಾಸದ ಮ್ಯಾಲೆ ಯಾರಾರ ಎಳ್ದುಬುಟ್ಟಾರು,” ಎಂದು ತಾತ ಮಾತ್ರ ಹಗ್ಗ ಬಿಡಲು ಒಪ್ಪಲಿಲ್ಲ. “ನಾನ್ ಹಿಡ್ಕೊಂಡೇ ಕೂತಿರ್ತೀನಿ.”

ಶನಿವಾರ ಸಂಜೆ ಕತ್ತಲ ಚರ್ಚಿನೊಳಕ್ಕೆ ಪಾಸ್ಕದ ದೊಡ್ಡ ಮೇಣದ ಬತ್ತಿ ಬಂತು. ಅದರಿಂದ ಒಬ್ಬರ ಕೈಯಿಂದ ಒಬ್ಬರಿಗೆ ಬೆಳಕು ಹಂಚಿಹೋಗಿ, ತಾತನ ಕೈಯಲ್ಲೂ ಒಂದು ಬತ್ತಿ ಹತ್ತಿತು. ಇನ್ನೊಂದು ಕೈಯಲ್ಲಿ ಹಗ್ಗ. ನಾನು ಅವನಿಂದ ಮಾರು ದೂರದಲ್ಲಿ ಗಿಟಾರಿನ ತಲೆಯನ್ನು ಗೋಪುರದ ಬಾಗಿಲಿಗಿಟ್ಟು ತಂತಿಯ ಮೇಲೆ ಬೆರಳಿರಿಸಿ ಕೂತಿದ್ದೆ. ನಡುಗುತ್ತಿತ್ತು. ತಂತಿ ನಡುಗುತ್ತಿರುವವರೆಗೆ ಜೇನು ಗೂಡಲ್ಲೇ ಇದೆ, ಭಯವಿಲ್ಲ.

ಮಹಿಮಾಗೀತೆ ಶುರುವಾಯಿತು. ಎಲ್ಲ ದೀಪಗಳೂ ಒಮ್ಮೆಲೇ ಹತ್ತಿದವು. ಗಂಟೆಯಿಲ್ಲದ, ವಾದ್ಯವಿಲ್ಲದ ಹಾಡು ಬರಿಗಾಲಲ್ಲಿ ನಡೆದಂತಿತ್ತು. ಮಮತಾ ಮಿಸ್ ನನ್ನ ಕಡೆ ತಿರುಗಿ, ಈ ವಾರದಲ್ಲಿ ಮೊದಲ ಸಲ ನಕ್ಕರು.

ಆಗ ಹೊರಗೆ ಪಟಾಕಿ ಸಿಡಿಯಿತು.

ಗಂಟೆಯೇ ಇಲ್ಲವೆಂದ ಮೇಲೆ ಪಟಾಕಿಯೂ ಇಲ್ಲ ಎಂದು ಒಳಗಿದ್ದವರೆಲ್ಲ ತಿಳಿದಿದ್ದೆವು. ಪ್ರತಿವರ್ಷ ಪೂಜೆಗೂ ಬಾರದೆ ಗೋಪುರದ ಬುಡದಲ್ಲಿ ಪಟಾಕಿಯ ಸರ ಹಾಸಿ ಕಾಯುವ ಚೌರಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನು ಗಂಟೆಗೆ ಕಾದು ಕಾದು, ಕಿಟಕಿಗಳಲ್ಲಿ ಬೆಳಕು ಕಂಡು, ಕಡ್ಡಿ ಗೀರಿದ್ದ.

ಸರ ಮುಗಿಯಿತು. ನನ್ನ ಬೆರಳ ಕೆಳಗೆ ತಂತಿ ನಿಶ್ಚಲವಾಗಿತ್ತು.

ಏನೋ ಹೋಯ್ತು.

ನನ್ನ ದನಿಯಲ್ಲಿ ಕೂಗಿದರೆ ನಗುತ್ತಾರೆ, ಇಲ್ಲವೇ ಗದರುತ್ತಾರೆ. ಮಮತಾ ಮಿಸ್ ಕೈಯಿಂದ ಮೈಕು ಕಿತ್ತುಕೊಂಡು ಮೂಗಿನಿಂದ ಹೇಳಿದೆ: “ಪ್ರಿಯ ಸಹೋದರ ಸಹೋದರಿಯರೇ, ಬತ್ತಿ ಆರಿಸಿ. ಮುಖಕ್ಕೆ ಬಟ್ಟೆ ಹೊದ್ದು ನೆಲಕ್ಕೆ ಮಲಗಿ. ಈಗಲೇ.” ಇಡೀ ಸಭೆ ಮಲಗಿತು. ಫಾದರೂ ತಮ್ಮದೇ ದನಿ ಕೇಳಿ ದೊಡ್ಡ ಬತ್ತಿ ಊದಿ ಕೂತರು. ಗೋಡೆಗಿದ್ದ ಮೇನ್ ಸ್ವಿಚ್ಚು ಎಳೆದೆ.

ಕತ್ತಲಾಯಿತು. ಒಂದು ಬೆಳಕು ಉಳಿಯಿತು.

ತಾತ ತೂತಿನ ಕೆಳಗೆ ಹಗ್ಗ ಹಿಡಿದು ಕೂತೇ ಇದ್ದ. ಬತ್ತಿ ಉರಿಯುತ್ತಿತ್ತು. ಮೈಕು ಅವನಿಗೆ ಕೇಳಿಸಿರಲಿಲ್ಲ. ನಾನು ತೆವಳಿ ಅವನ ಎದುರಿಗೆ ಹೋಗಿ, ಬೆಳಕಿಗೆ ಮುಖವೊಡ್ಡಿ ತುಟಿ ಬಿಡಿಸಿ ಹೇಳಿದೆ: “ತಾತಾ, ಆರ್ಸು!”

ಅವನು ನನ್ನ ತುಟಿ ನೋಡಿದ. ಸುತ್ತಲೂ ಮಲಗಿದ್ದ ಜನರನ್ನು ನೋಡಿದ. ಆಮೇಲೆ ಹಗ್ಗ ಬಿಟ್ಟು, ನನ್ನ ಹೆಗಲ ಮೇಲಿದ್ದ ಟವೆಲನ್ನು ನನ್ನ ತಲೆಗೇ ಎಳೆದು ಮುಚ್ಚಿದ.

“ಮನೀಕ್ಕೊಳ್ಳಲಾ,” ಎಂದ.

ಚಾವಣಿಯ ತೂತಿನಲ್ಲಿ ದನಿ ಮತ್ತೆ ಶುರುವಾಯಿತು. ಈಗ ತಂತಿ ಬೇಕಿರಲಿಲ್ಲ, ನೆಲವೇ ಹೇಳುತ್ತಿತ್ತು. ಟವೆಲಿನ ನೂಲುಗಳ ಸಂದಿಯಲ್ಲಿ ಆ ಒಂದು ಬೆಳಕು ಮೇಲೆದ್ದು, ಅಲುಗದ ಕೈಯೊಂದರಲ್ಲಿ, ಪಕ್ಕದ ಬಾಗಿಲಿನತ್ತ ಹೋಗುವುದು ಕಾಣಿಸಿತು. ಅದರ ಹಿಂದೆ ನಮ್ಮೆಲ್ಲರ ತಲೆಯ ಮೇಲೆ ಹಾದು ದನಿಯೂ ಹೋಯಿತು.

ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತು.