ಏಳನೇ ಪಟ್ಟಿ

"ಬಗ್ಗೋ ಮುದಿಯಾ, ಬಗ್ಗು! ಆಕಾಶ ನೋಡ್ಕೊಂಡು ಕಲ್ಲು ಆರಿಸ್ತೀಯಾ?"

ಮೇಸ್ತ್ರಿ ಬೈದದ್ದು ಕಲ್ಲಜ್ಜನಿಗೆ. ವಿಮಾನ ಇಳಿಯುವ ರನ್‌ವೇ ಮೇಲೆ ದಿನಾ ಬೆಳಿಗ್ಗೆ ಹನ್ನೆರಡು ಜನ ಸಾಲಾಗಿ ನಿಂತು, ಅದರ ಅಗಲವನ್ನು ತಲೆಗೊಂದು ಪಟ್ಟಿಯಂತೆ ಹಂಚಿಕೊಂಡು, ಬಗ್ಗಿಕೊಂಡೇ ಎರಡು ಮೈಲಿ ನಡೆಯಬೇಕು. ಕಡಲೆಕಾಳಿನಷ್ಟು ಕಲ್ಲು ಉಳಿದರೂ ಇಂಜಿನ್ ಅದನ್ನು ಒಳಗೆಳೆದುಕೊಂಡು ಕೆಟ್ಟುಹೋಗುತ್ತದಂತೆ. ಇವರ ಸೊಂಟ ಕೆಟ್ಟರೆ ಕೇಳುವ ನಾಯಿಯೂ ಇಲ್ಲ. ಏಳನೇ ಪಟ್ಟಿಯನ್ನು ಅಜ್ಜ ಯಾರಿಗೂ ಬಿಟ್ಟುಕೊಟ್ಟವನಲ್ಲ. ಅರ್ಧ ದಾರಿಯಲ್ಲಿ ಒಂದು ಕಡೆ ಮಾತ್ರ ಚಪ್ಪಲಿ ಕೈಗೆ ತೆಗೆದುಕೊಂಡು, ಬಳಸಿಕೊಂಡು ದಾಟುತ್ತಿದ್ದ. ಮುದುಕನಿಗೆ ಅರಳುಮರುಳು ಎಂದು ಸಾಲಿನವರು ನಗುತ್ತಿದ್ದರು.

ಅರಳುಮರುಳೂ ಅಲ್ಲ, ಮಣ್ಣೂ ಅಲ್ಲ. ಮೊದಲು ಇಲ್ಲಿ ಅವರ ಕೇರಿ ಇತ್ತು, ಕೇರಿಯ ಹಿಂದೆ ಹೆಣ ಹೂಳುವ ಜಾಗ. ಗುರುತಿಗೆ ಕಲ್ಲು ನೆಡುವ ಗತಿ ಯಾರಿಗಿತ್ತು? ನೋಡುವವರಿಗೆ ಬರೀ ಬೀಳು. ರನ್‌ವೇಗೆ ಜಾಗ ಗೊತ್ತುಮಾಡಲು ಅಳತೆಯವನು ಬಂದಾಗ ಸರಪಳಿ ಹಿಡಿಯುವ ಕೆಲಸ ಆಗಿನ್ನೂ ಹರೆಯದಲ್ಲಿದ್ದ ಇವನಿಗೆ ಸಿಕ್ಕಿತು. ಗೋರಿಗಳಿದ್ದರೆ ಗೆರೆ ಆಚೆ ಸರಿಸಬೇಕಾಗುತ್ತದೆ, ಇವೆಯೇನೋ ಎಂದು ಅವನು ಕೇಳಿದ. ಗೆರೆ ಸರಿದರೆ ಕೂಲಿ ಪಕ್ಕದೂರಿನವರ ಪಾಲಾದೀತೆಂದು ಇವನು ಹೆದರಿದ. ಏನೂ ಇಲ್ಲ ಸ್ವಾಮಿ ಅಂದ, ಹೆಬ್ಬೆಟ್ಟೂ ಒತ್ತಿದ. ಹಿಂದಿನ ತಿಂಗಳಷ್ಟೇ ಅಕ್ಕನ ಕೂಸನ್ನು ಅಲ್ಲಿ ತಾನೇ ಗುಂಡಿ ತೋಡಿ ಮಲಗಿಸಿದ್ದ. ಬಾಣಂತಿ ಅಕ್ಕ ಆ ಗುಂಡಿಯನ್ನು ಕಣ್ಣಿಂದ ನೋಡಿರಲಿಲ್ಲ.

ಕೇರಿಯನ್ನು ಎಬ್ಬಿಸಿ ತಂತಿಬೇಲಿಯ ಆಚೆಗೆ ಹಾಕಿದರು. ಅಲ್ಲಿನ ಗುಡಿಸಲಲ್ಲಿ ಅಕ್ಕ ತಮ್ಮ ಈಗಲೂ ಒಟ್ಟಿಗೇ ಇದ್ದಾರೆ. ವಿಮಾನ ಹಾರಿದಾಗಲೆಲ್ಲ ಅವಳು ಅಳತೆಯವನಿಗೆ ಹಿಡಿಶಾಪ ಹಾಕುತ್ತಾಳೆ: "ಏನೂ ಇಲ್ಲ ಅಂದೋನ ಬಾಯಿಗೆ ಹುಳ ಬೀಳ." ಆ ಶಾಪ ಕೇಳುತ್ತಲೇ, ಅವಳು ಬಡಿಸಿದ್ದನ್ನು ಅದೇ ಬಾಯಲ್ಲಿ ಉಣ್ಣುತ್ತಾ ಬಂದಿದ್ದಾನೆ. ಥೂ, ಅದೂ ಒಂದು ಊಟವೇ?

ಅವತ್ತು ಬೆಳಿಗ್ಗೆ ಮೇಸ್ತ್ರಿ ಕೂಗಾಡಿದ್ದಕ್ಕೂ ಕಾರಣವಿತ್ತು. ವಿಮಾನ ಹಾರಿಸಲು ಕಲಿಸುವ ಈ ತರಬೇತಿ ಕೇಂದ್ರಕ್ಕೆ ಐವತ್ತು ವರ್ಷ ತುಂಬಿತ್ತು. ಶಾಮಿಯಾನ ಹಾಕಿಸಿ, ವಿಮಾನ ಹಾರಾಟದ ಪ್ರದರ್ಶನ ಇಟ್ಟು, ಕುರ್ಚಿ ತುಂಬಲೆಂದು ಬೇಲಿಯಾಚೆಯವರನ್ನೂ ಕರೆತಂದಿದ್ದರು. ಸಾಹೇಬರು ಕೇಂದ್ರದ ಚರಿತ್ರೆ ಓದಿದರು: ಬಂಜರು, ಹಾವು, ಮುಳ್ಳು, ನರಪಿಳ್ಳೆಯೂ ಇರಲಿಲ್ಲ. ಆ ಕಾಲ ಕಂಡ ಸಾಕ್ಷಿ ಇಲ್ಲೇ ಇದ್ದಾನಲ್ಲ ಎಂದು ಅಜ್ಜನನ್ನು ವೇದಿಕೆಗೆ ಕರೆದರು. ಹೌದು ಅಂದು ಸಾಯಿ, ಇಲ್ಲದಿದ್ದರೆ ನಾಳೆಯಿಂದ ಗೇಟಿಗೂ ಸೇರಿಸುವುದಿಲ್ಲ ಎಂದು ಮೇಸ್ತ್ರಿ ಬೆನ್ನಿಗೆ ತಿವಿದ.

ಎದುರಿಗೇ ಅಕ್ಕ ಕೂತಿದ್ದಳು. ತಮ್ಮನಾದರೂ ನಿಜ ಹೇಳುತ್ತಾನೆಂದು ಸೆರಗು ಬಾಯಿಗೊತ್ತಿಕೊಂಡು ಕಾಯುತ್ತಿದ್ದಳು.

"ಅಕ್ಕಾ, ಅಳತೆಯವನದ್ದೇನೂ ತಪ್ಪಿಲ್ಲ ಕಣೇ. ಏನೂ ಇಲ್ಲ ಅಂದೋನು ನಾನೇ. ಕೂಲಿ ಆಸೆಗೆ ಅಂದೆ. ನಿನ್ನ ಕೂಸಿನ ಮೇಲೆ ಡಾಂಬರು ಹುಯ್ದಿದ್ದೂ ಇದೇ ಕೈ."

ಮೈಕು ಕಿತ್ತುಕೊಂಡರು. "ಎಳ್ಕೊಂಡ್ ಹೋಗ್ರೋ ಈ ಬೋಳಿಮಗನ್ನ" ಎಂದು ಮೇಸ್ತ್ರಿ ಅರಚಿದ. ಅಷ್ಟರಲ್ಲಿ ಅಕ್ಕ ಎದ್ದು ಬಂದಳು. ಅಜ್ಜ ಕೆನ್ನೆ ಒಡ್ಡಿ ನಿಂತ. ಎರಡು ಬಿಗಿದಿದ್ದರೆ ಎದೆ ಎಷ್ಟೋ ಹಗುರಾಗುತ್ತಿತ್ತು.

"ಎಲ್ಲಿ? ತೋರ್ಸು" ಅಂದಳು, ಅಷ್ಟೆ.

ಇಬ್ಬರೂ ರನ್‌ವೇಗೆ ಇಳಿದರು. ಕಾವಲಿನವರು ಓಡಿಬಂದಾಗ ಸಾಲಿನ ಹನ್ನೊಂದು ಜನ, ಬೆಳಿಗ್ಗೆ ನಿಲ್ಲುವ ಹಾಗೆಯೇ ತಮ್ಮ ತಮ್ಮ ಪಟ್ಟಿ ಹಿಡಿದು ಅಡ್ಡ ನಿಂತರು. ಈ ಸಲ ಒಬ್ಬರೂ ಬಗ್ಗಲಿಲ್ಲ. ಅಜ್ಜ ಚಪ್ಪಲಿ ಕಳಚಿ ಜಾಗ ತೋರಿಸಿದ. ಅಕ್ಕ ಕೂತು, ಕಾದ ಡಾಂಬರನ್ನು ಅಂಗೈಯಿಂದ ಸವರಿದಳು. ಅವನೂ ಪಕ್ಕದಲ್ಲಿ ಕೂರಲು ಹೋದ.

"ನೀನು ಆಚೆ ಹೋಗು" ಎಂದಳು, ಮುಖ ನೋಡದೆ.

ಆಚೆ ಎಂದರೆ ಎಲ್ಲಿಗೆ? ಚಪ್ಪಲಿ ಕೈಯಲ್ಲಿ ಹಿಡಿದು ಎಂಟನೇ ಪಟ್ಟಿಯಲ್ಲಿ ನಿಂತ. ಪ್ರದರ್ಶನ ಮುಗಿಸಿದ ಆರು ವಿಮಾನಗಳು ಇಳಿಯಲು ಜಾಗವಿಲ್ಲದೆ ಅವರ ತಲೆಯ ಮೇಲೆ ಸುತ್ತುತ್ತಿದ್ದವು.