ತಿಳಿನೀರಿನ ಬೋಗುಣಿ

ಶಿಲುಬೆಗೇರುವ ಹಿಂದಿನ ದಿನ ಕರ್ತನು ಶಿಷ್ಯರ ಕಾಲು ತೊಳೆದ ಗುರುವಾರ, ಚೆಂಬೂರಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲೂ ಹಿರಿಯನಾದವನು ಉಳಿದವರ ಕಾಲು ತೊಳೆಯಬೇಕು. ಅದು ವಾಡಿಕೆ. ಅದರ ಬೆನ್ನಿಗೇ ಇನ್ನೊಂದು ವಾಡಿಕೆಯೂ ಬೆಳೆದಿತ್ತು. ಹಿರಿಯರ ಕೈ ಹೊಲಸಾಗಬಾರದೆಂದು ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ, ತಿಕ್ಕಿ ತೊಳೆದುಕೊಂಡು ಬರುತ್ತಿದ್ದರು.

ಹೋದ ವರ್ಷ ನಿಂಗಣ್ಣ ಹಾಗೆ ಬರಲಿಲ್ಲ. ವಿಲೆ ಪಾರ್ಲೆಯಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಸ್ಲ್ಯಾಬ್ ಕೆಲಸ ಮುಗಿಸಿ, ಲೋಕಲ್ ಹಿಡಿದು ನೇರ ಬಂದಿದ್ದ. ಹಿಮ್ಮಡಿಯ ಬಿರುಕಿನಲ್ಲೆಲ್ಲ ಸಿಮೆಂಟು. ಸಭೆಯ ಹಿರಿಯ ದಾನಪ್ಪ ಬೋಗುಣಿ ಹಿಡಿದು ಅವನ ಮುಂದೆ ಮೊಣಕಾಲೂರಿದವನು, ನೋಡಿ ಮೇಲೆದ್ದ.

"ದೇವರ ಮನಿಗೆ ಬರೂ ಕಾಲೇನೋ ಇವು? ಹೋಗು, ನಳದಾಗ ತೊಳಕೊಂಡು ಬಾ."

ಎಲ್ಲರೂ ಕೇಳಿದರು. ನಿಂಗಣ್ಣ ಹೊರಗೆ ಹೋದ. ನಳದ ಸದ್ದು ಕೇಳಲಿಲ್ಲ. ಅವನು ಸಭೆಗೆ ಮತ್ತೆ ಬರಲೂ ಇಲ್ಲ.

ಈ ವರ್ಷ ಅದೇ ಗುರುವಾರ ಮುಂಜಾನೆ ದಾನಪ್ಪ ಬೋಗುಣಿ ಬೆಳಗುತ್ತಿದ್ದಾಗ ಹೆಂಡತಿ ಬಸಲಿಂಗವ್ವ ಅಂದಳು: "ಹೊತ್ತು ಮುಳುಗೂದರೊಳಗ ಸಿಟ್ಟು ಇಳಿಸ್ಬೇಕಂತ ಮಂದಿಗೆ ಹೇಳ್ತೀರಿ. ವರ್ಷಪೂರ್ತಿ ಹೊತ್ತು ಮುಳುಗೈತಿ."

"ನನಗ ಈಗ ಸಿಟ್ಟಿಲ್ಲ."

"ಹಂಗಾರ ಹೋಗಿ ಕರಕೊಂಡ್ ಬರ್ರಿ. ದೊಡ್ಡಸ್ತಿಕೆ ಅಡ್ಡ ಬಂದ್ರ ಬ್ಯಾಡ."

ದಾನಪ್ಪ ಬೋಗುಣಿಯನ್ನು ಚೀಲದಲ್ಲಿಟ್ಟುಕೊಂಡು ನಿಂಗಣ್ಣನ ಮನೆಯಿದ್ದ ಕುರ್ಲಾಕ್ಕೆ ಹೊರಟ. ನಿಂಗಣ್ಣ ಬರದಿದ್ದರೆ ಸಂಜೆ ಯಾರ ಕಾಲನ್ನೂ ಮುಟ್ಟಲು ತನಗೆ ಮುಖವಿಲ್ಲವೆಂದು ಲೋಕಲ್ಲಿನ ನೂಕುನುಗ್ಗಲಲ್ಲಿ ನಿಂತಾಗ ಅವನಿಗೆ ಅನಿಸಿತು.

ಚಾಳಿನ ಬಾಗಿಲು ತೆರೆದವಳು ನಿಂಗಣ್ಣನ ಹೆಂಡತಿ ಲಕ್ಷ್ಮವ್ವ. "ಬರ್ರಿ ಹಿರೇರ. ಚಪ್ಪಲಿ ಇರಲಿ ಬಿಡ್ರಿ, ನಮ್ಮದೇನು ದೇವರ ಮನಿ ಅಲ್ಲ."

ನಿಂಗಣ್ಣ ಬಚ್ಚಲ ಕಟ್ಟೆಯ ಮೇಲೆ ಕೂತು ಇಟ್ಟಂಗಿ ಚೂರಿನಿಂದ ಹಿಮ್ಮಡಿ ತಿಕ್ಕುತ್ತಿದ್ದ.

"ದಿನಾ ಹಿಂಗ ನೋಡ್ರಿ," ಅಂದಳು ಲಕ್ಷ್ಮವ್ವ. "ಇಟ್ಟಂಗಿ ಸವೀತು, ಇವರಿಗೆ ಸಮಾಧಾನ ಇಲ್ಲ."

ಹಿಮ್ಮಡಿ ಕೆಂಪಗಾಗಿತ್ತು. ಒಂದು ಕಡೆ ರಕ್ತ ಒಸರುತ್ತಿತ್ತು. ದಾನಪ್ಪ ಹಸಿ ನೆಲದ ಮೇಲೆಯೇ ಕುಳಿತ.

"ತಪ್ಪಾತಪಾ ನಿಂಗಣ್ಣ. ನಾ ಹಿರಿಯ ಅನ್ನೂದು ಅವತ್ತ ತಲೀಗೇರಿತ್ತು. ಕಾಲು ಕೊಡು, ನಾ ತೊಳಿತೀನಿ."

ನಿಂಗಣ್ಣ ಕಾಲನ್ನು ಲುಂಗಿಯೊಳಗೆ ಎಳೆದುಕೊಂಡ. "ಬ್ಯಾಡ್ರಿ. ನಾ ಅವತ್ತ ಕ್ಷಮಾ ಮಾಡೀನಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ."

"ಹಂಗಾರ ಸಂಜಿಕೆ ಬಾ."

"ಅದೊಂದು ಕೇಳಬ್ಯಾಡ್ರಿ. ಎಷ್ಟ್ ತಿಕ್ಕಿದ್ರೂ ಹೊಲಸೈತಿ ಅನ್ನಿಸ್ತೈತಿ. ಯಾರ ಮುಂದೂ ಕಾಲು ಚಾಚಾಕ ಆಗೂದಿಲ್ಲ."

ಲಕ್ಷ್ಮವ್ವ ಇಟ್ಟುಹೋದ ಚಹಾ ಇಬ್ಬರ ನಡುವೆ ಆರಿತು.

ಸಂಜೆ ದಾನಪ್ಪ ಎಲ್ಲವನ್ನೂ ಸಭೆಗೆ ಹೇಳಿದ. "ಬೋಗುಣಿ ಇವತ್ತ ಬ್ಯಾರೆಯವರು ಹಿಡೀರಿ," ಅಂದ. ಯಾರೂ ಏಳಲಿಲ್ಲ. ಕಡೆಗೆ ಅವನೇ ಬಗ್ಗಿದ. ಮುಟ್ಟಿದ ಪಾದಗಳೆಲ್ಲ ಸೋಪಿನ ವಾಸನೆ ಬೀರುತ್ತಿದ್ದವು. ನಿಂಗಣ್ಣನ ಖಾಲಿ ಕುರ್ಚಿಯ ಮುಂದೆಯೂ ಅವನು ಮೊಣಕಾಲೂರಿದ. ಪ್ರಾರ್ಥನೆಯೋ ಏನೋ, ತುಟಿ ಅಲ್ಲಾಡುತ್ತಿತ್ತು.

ಆಮೇಲೆ ನೀರು ಚೆಲ್ಲಲು ಹೊರಗೆ ನಳದ ಹತ್ತಿರ ಹೋದ. ನೀರು ತುಂಬಿದಾಗ ಇದ್ದಷ್ಟೇ ತಿಳಿಯಾಗಿತ್ತು. ಬಸಲಿಂಗವ್ವ ಕರೆಯಲು ಬಂದಾಗಲೂ ಅವನು ಅದನ್ನು ಚೆಲ್ಲದೆ ಹಿಡಿದುಕೊಂಡೇ ನಿಂತಿದ್ದ.