ಮಂಚಮ್ಮ ಎಣಿಸಿದ ಕಲ್ಲು

ನಾನು ಬಾಬುರಾಯನಕೊಪ್ಪಲಿನ ಗಾರೆ ಮೇಸ್ತ್ರಿ ಸಣ್ಣಯ್ಯ. ನನ್ನ ಕೆಲಸಕ್ಕೆ ಯಾವನೂ ಹೆಸರಿಟ್ಟವನಲ್ಲ. ಅರವತ್ತಾರನೇ ಇಸವಿಯಲ್ಲಿ ಅರಕೆರೆಯ ಚಿಕ್ಕಸಿದ್ದಯ್ಯ ಪಡಸಾಲೆಗೆ ಕಡಪ ಕಲ್ಲು ಹಾಸಲು ಕರೆದ. ಅವನ ತಮ್ಮ ಸತ್ತು ವರ್ಷವಾಗಿತ್ತು. ತಮ್ಮನ ಹೆಂಡತಿ ಮಂಚಮ್ಮನಿಗೆ ಅರ್ಧ ಮನೆ ಕೊಡಬೇಕೆಂದು ಉದ್ದನೆಯ ಪಡಸಾಲೆಗೆ ಅಡ್ಡಗೋಡೆ ಎಬ್ಬಿಸಿದ್ದ. ಬಾವಿಗೆ ಹೋಗುವ ಹಿತ್ತಿಲ ಬಾಗಿಲು ಗೋಡೆಗೆ ಅಂಟಿಕೊಂಡಂತೆ ಅವನ ಕಡೆಗೇ ಬಿದ್ದಿತ್ತು.

ಕಲ್ಲು ಹಾಸುವ ಮುಂಚೆ ದಾರ ಎಳೆದು ಲೆಕ್ಕ ಹಾಕಬೇಕಲ್ಲ, ಎಳೆದೆ. ಅವನ ಕಡೆ ಇಪ್ಪತ್ತನಾಲ್ಕು ಅಡಿ, ಅವಳ ಕಡೆ ಇಪ್ಪತ್ತು. ನ್ಯಾಯವಾಗಿ ಗೋಡೆ ಎರಡಡಿ ಸರಿಯಬೇಕು, ಬಾಗಿಲೂ ಬಾವಿಯೂ ಅವಳದಾಗಬೇಕು.

ಮಂಚಮ್ಮ ಬಂದು ಚಿಕ್ಕಸಿದ್ದಯ್ಯನ ಮುಂದೆ ನಿಂತಳು. "ನಂಗೆ ಟೇಪು ಗೀಪು ಗೊತ್ತಿಲ್ಲ ಬಾವ. ಕಲ್ಲು ಎಣಿಸ್ತೀನಿ. ಎರಡು ಕಡೆಗೂ ಸಮ ಬಂದ್ರೆ ಪಾಲು ಪತ್ರಕ್ಕೆ ಹೆಬ್ಬೆಟ್ಟು ಒತ್ತೀನಿ. ನಂಗೆ ಕಮ್ಮಿ ಬಂದ್ರೆ ಗೋಡೆ ಒಡೀಬೇಕು." ಆಮೇಲೆ ನನ್ನ ಕಡೆ ತಿರುಗಿ, ನಾಲ್ಕು ಜನರ ಮುಂದೆ, "ಈ ಮೇಸ್ತ್ರಿಗಳ್ನ ನಂಬಕಾಯ್ತದಾ? ಕಲ್ಲನ್ನೂ ತಿಂದು ನೀರು ಕುಡಿಯೋ ಜನ" ಅಂದುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸ ಎಣಿಸೋಕೆ ಇವಳ್ಯಾರು?

ಸಂಜೆ ಚಿಕ್ಕಸಿದ್ದಯ್ಯ ಹತ್ತಿರ ಬಂದು, "ಏನ್ಲಾ ಸಣ್ಣಯ್ಯ, ಗೋಡೆ ಒಡೀದಂಗೆ ಏನಾರ ದಾರಿ ಅದಾ?" ಅಂದ. ಬೇರೆ ದಿನವಾಗಿದ್ದರೆ ಕರಣೆ ಬಿಸಾಕಿ ಎದ್ದು ಹೋಗುತ್ತಿದ್ದೆ.

"ಅವ್ಳ ಕಡೆ ಕಲ್ಲು ಹತ್ತಿಂಚಿಗೆ ಕುಯ್ತೀನಿ, ನಿಮ್ಮ ಕಡೆ ಹನ್ನೆರಡು" ಅಂದೆ. "ಎರಡು ಕಡೆಗೂ ಇಪ್ಪತ್ನಾಲ್ಕೇ ಬತ್ತದೆ, ಎಣಿಸ್ಕೊಳ್ಲಿ ಬುಡಿ."

ಕೆಲಸ ಮುಗಿದ ದಿನ ಊರ ಹಿರಿಯರ ಮುಂದೆ ಅವಳು ಉದ್ದಕ್ಕೆ ಒಂದು ಸಾಲಿನ ಕಲ್ಲನ್ನು ಬಗ್ಗಿ ಬಗ್ಗಿ ಎಣಿಸಿದಳು. ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಬಂದಳು. ಎರಡು ಕೈಯ ಗೆಣ್ಣೂ ಮುಗಿಯುವ ಹೊತ್ತಿಗೆ ಅವಳ ಕಡೆಯ ಕಲ್ಲೂ ಮುಗಿದವು. ಗೋಡೆಯಾಚೆಗೆ ಹೋಗಿ ಎಣಿಸಿದರೆ ಅಲ್ಲೂ ಅಷ್ಟೇ. ಅವಳ ಮುಖ ಸಣ್ಣಗಾಯಿತು. "ತಪ್ಪಾಯ್ತು ಮೇಸ್ತ್ರಿ, ಸುಮ್ನೆ ಅಂದ್ಬುಟ್ಟೆ" ಅಂತ ನನಗೆ ಕೈ ಮುಗಿದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ನನಗೋ ಹಾಲು ಕುಡಿದಷ್ಟು ಸಂತೋಷ.

ಮೂರನೇ ದಿನಕ್ಕೆ ಚಿಕ್ಕಸಿದ್ದಯ್ಯ ಹಿತ್ತಿಲ ಬಾಗಿಲಿಗೆ ಬೀಗ ಜಡಿದ. ಕಡು ಬೇಸಿಗೆ, ನಾಲೆಯಲ್ಲೂ ನೀರು ಬತ್ತಿತ್ತು. ಗೋಡೆಯ ಉಳಿದ ಗಿಲಾವು ಮುಗಿಸಲು ಹೋದವನು ನೋಡಿದೆ: ಮಂಚಮ್ಮ ದೂರದ ಕೆರೆಯಿಂದ ಕೊಡ ಹೊತ್ತು ಏದುತ್ತ ಬರುತ್ತಿದ್ದಳು. ಪಕ್ಕದ ಮನೆಯ ಅಣ್ಣಮ್ಮ ತಡೆಯಲಾರದೆ, "ಅಯ್ಯೋ, ಇದೆಂತಾ ಅನ್ಯಾಯವಾ! ನಿನ್ ಗಂಡನೇ ತೋಡಿದ ಬಾವಿ. ಪಂಚಾಯ್ತಿಗೆ ಹೋಗವ್ವ" ಅಂದಳು.

ಮಂಚಮ್ಮ ಕೊಡ ಇಳಿಸಿದಳು.

"ಏನಂತ ಹೋಗ್ಲಿ ಅಣ್ಣಮ್ಮಕ್ಕ? ನಾನೇ ಎಣಿಸಿವ್ನಲ್ಲ."